ಲೋಕಲ್ ರೈಲಿನ ಊರುಗಳಲ್ಲಿ ಗುಡ್ಡದ ಓಟ

ಡಾಂಬರು ಬಿಟ್ಟು ಕಾಡಿನ ಕಾಲುದಾರಿ, ಗುಡ್ಡದ ಏರು, ಕಲ್ಲುಬಂಡೆ, ಹಳ್ಳದ ದಂಡೆಗಳಲ್ಲಿ ಓಡುವುದಕ್ಕೆ ಟ್ರೇಲ್ ಓಟ ಎನ್ನುತ್ತಾರೆ. ಮ್ಯಾರಥಾನಿಗೆ 42.195 ಕಿ.ಮೀ. ಎಂಬ ಕಟ್ಟುನಿಟ್ಟಿನ ದೂರವಿದೆ. ಟ್ರೇಲ್ ಓಟಕ್ಕೆ ಅಂಥ ಒಂದೇ ಅಳತೆಯಿಲ್ಲ, 10 ಕಿ.ಮೀ.ನದೂ ಇದೆ, 100 ಕಿ.ಮೀ. ಮೀರಿದ್ದೂ ಇದೆ. ಯುರೋಪಿನ ಮೌಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ, 2003ರಲ್ಲಿ ಆರಂಭವಾದ ಪ್ರಸಿದ್ಧ ಸ್ಪರ್ಧೆಯ ದಾರಿ ಸುಮಾರು 170 ಕಿ.ಮೀ. ಉದ್ದದ್ದು, ಒಟ್ಟು ಏರು ಸುಮಾರು 10,000 ಮೀಟರ್. 2013ರಲ್ಲಿ ಅಂತರರಾಷ್ಟ್ರೀಯ ಟ್ರೇಲ್ ಓಟ ಸಂಘ ಹುಟ್ಟಿತು. 2015ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಈ ಓಟವನ್ನು ತನ್ನ ವಿಭಾಗಗಳಲ್ಲಿ ಒಂದಾಗಿ ಒಪ್ಪಿಕೊಂಡಿತು. ಸಂಘದ ಒಂದು ಸರಳ ಲೆಕ್ಕವನ್ನು ಹೊಸಬರು ಮೊದಲೇ ತಿಳಿದಿರುವುದು ಒಳ್ಳೆಯದು: ಪ್ರತಿ 100 ಮೀಟರ್ ಏರನ್ನು ಇನ್ನೊಂದು ಕಿಲೋಮೀಟರ್ ಎಂದು ಎಣಿಸಬೇಕು. 25 ಕಿ.ಮೀ. ಸ್ಪರ್ಧೆಯಲ್ಲಿ 1,500 ಮೀಟರ್ ಏರಿದ್ದರೆ ಅದರ ಶ್ರಮ 40 ಕಿ.ಮೀ.ಗೆ ಸಮ. ಇಪ್ಪತ್ತೈದೇ ಅಲ್ಲವೇ ಎಂದು ಹೆಸರು ಕೊಟ್ಟವರಿಗೆ ಹದಿನೈದನೆಯ ಕಿಲೋಮೀಟರಿನಲ್ಲಿ ಈ ಲೆಕ್ಕ ಅರ್ಥವಾಗುತ್ತದೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಎಂದರೆ ಕಿಕ್ಕಿರಿದ ರೈಲು, ಗಗನಚುಂಬಿ ಕಟ್ಟಡ, ಕಾರ್ಖಾನೆಗಳೇ ನೆನಪಿಗೆ ಬರುತ್ತವೆ. ಓಟಗಾರರ ಕಣ್ಣಿಗೆ ಇದೇ ಪ್ರದೇಶ ಬೇರೆಯಾಗಿ ಕಾಣುತ್ತದೆ. ಠಾಣೆಯ ಪಶ್ಚಿಮಕ್ಕೆ ನೂರು ಚದರ ಕಿ.ಮೀ.ಗೂ ಮಿಕ್ಕಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಉಪವನ ಕೆರೆಯ ಬಳಿಯಿಂದ ಏರುವ ರಸ್ತೆ ಅದರ ಅಂಚಿನ ಯೇವೂರು ಬೆಟ್ಟಕ್ಕೆ ಹೋಗುತ್ತದೆ. ಕಳವಾ, ಮುಂಬ್ರಾದಿಂದ ಬೇಲಾಪುರ, ಖಾರ್ಘರ್ ಕಡೆಗೆ ಪಾರಸಿಕ್ ಗುಡ್ಡಗಳ ಸಾಲು ಹಬ್ಬಿದೆ. ರೈಲ್ವೆಯವರು 1916ರಲ್ಲಿ ಇದರ ಹೊಟ್ಟೆ ಕೊರೆದು 1.3 ಕಿ.ಮೀ. ಸುರಂಗ ಮಾಡಿದರು, ದಿನವೂ ಎಷ್ಟೋ ಜನ ಆ ಗುಡ್ಡದ ಕೆಳಗೆ ಹಾದುಹೋಗುತ್ತಾರೆ, ಮೇಲೆ ಹತ್ತುವವರು ಕೆಲವೇ ಮಂದಿ. ಕಲ್ಯಾಣದವರಿಗೆ ಮಲಂಗಗಡ ಹತ್ತಿರ. ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದರೆ ಮಾಥೇರಾನ್; ಸಾಮಾನ್ಯ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ, ಸುಮಾರು 800 ಮೀಟರ್ ಎತ್ತರದ ಆ ಗಿರಿಧಾಮದ ಕೆಂಪು ಮಣ್ಣಿನ ದಾರಿಗಳು ಓಟಕ್ಕೆಂದೇ ಇದ್ದಂತಿವೆ. ದೇಶದ ಬೇರೆ ಯಾವ ಮಹಾನಗರದ ಉಪನಗರಗಳಿಗೂ ಇಷ್ಟು ಬಗೆಯ ಗುಡ್ಡ ಇಷ್ಟು ಕಡಿಮೆ ಟಿಕೆಟ್ ದರದಲ್ಲಿ ಸಿಗುವುದು ಅಪರೂಪ.

ಇಲ್ಲಿನ ಹವ್ಯಾಸಿ ಓಟಗಾರನಿಗೆ ಕೊರತೆ ಇರುವುದು ಜಾಗದ್ದಲ್ಲ, ಹೊತ್ತಿನದು. ಬ್ಯಾಂಕು, ಹೋಟೆಲು, ಐಟಿ ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ಜನ ಇವರು. ಇವರಲ್ಲಿ ಕನ್ನಡಿಗರೂ ಇದ್ದಾರೆ. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದ ಕುಟುಂಬಗಳು ಈ ಊರುಗಳಲ್ಲಿ ತಲೆಮಾರುಗಳಿಂದ ನೆಲೆಸಿವೆ, ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಶಾಲೆಯನ್ನೇ ನಡೆಸುತ್ತಿದೆ. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿಗೆ ಸುಮಾರು 50 ಕಿ.ಮೀ.; ಹೋಗುತ್ತ ಒಂದು ಗಂಟೆಗೂ ಮಿಕ್ಕಿ, ಬರುತ್ತ ಅಷ್ಟೇ, ಬಹುಪಾಲು ನಿಂತುಕೊಂಡೇ. ಹೀಗಾಗಿ ಓಟಕ್ಕೆ ಉಳಿಯುವುದು ಬೆಳಗಿನ ಜಾವ ಮಾತ್ರ. ನಾಲ್ಕೂವರೆಗೆ ಎದ್ದು, ಐದಕ್ಕೆ ಬೀದಿಗಿಳಿದು, ಆರೂವರೆಗೆ ಮನೆ ಸೇರಿ, ಡಬ್ಬಾ ಹಿಡಿದು ಏಳೂವರೆಯ ಲೋಕಲ್ ಹತ್ತಬೇಕು. ವಿದೇಶೀ ಪುಸ್ತಕಗಳ ತರಬೇತಿ ಪಟ್ಟಿಗಳಲ್ಲಿ ರೈಲಿನಲ್ಲಿ ನಿಂತ ಎರಡು ಗಂಟೆಯ ಲೆಕ್ಕ ಇರುವುದಿಲ್ಲ. ಮೀನಖಂಡಕ್ಕೆ, ಬೆನ್ನಿಗೆ ಆ ಲೆಕ್ಕ ಗೊತ್ತಿರುತ್ತದೆ. ಆದ್ದರಿಂದ ಈ ಊರುಗಳಲ್ಲಿ ವಾರದ ತರಬೇತಿಯನ್ನು ನಿದ್ದೆಯಿಂದ ಶುರುಮಾಡಿ ಹೆಣೆಯಬೇಕು. ರಾತ್ರಿ ಹತ್ತಕ್ಕೆ ಮಲಗಲಾಗದವರು ವಾರಕ್ಕೆ ಆರು ದಿನ ಓಡುವ ಬದಲು ನಾಲ್ಕೇ ದಿನ ಓಡಿದರೆ ಹೆಚ್ಚು ಗಟ್ಟಿಯಾಗುತ್ತಾರೆ.

ಆ ವಾರ ಹೀಗಿರಬಹುದು: ಸೋಮವಾರ ವಿಶ್ರಾಂತಿ. ಭಾನುವಾರದ ದೂರದ ಓಟದಲ್ಲಿ ಸ್ನಾಯುಗಳಿಗಾದ ಸಣ್ಣ ಸಣ್ಣ ಗಾಯ ಮಾಯುವುದೂ ಶಕ್ತಿ ಕೂಡುವುದೂ ಈ ಬಿಡುವಿನಲ್ಲೇ. ಮಂಗಳವಾರ ವೇಗದ ಅಭ್ಯಾಸ: ಹತ್ತು ನಿಮಿಷ ಮೈ ಬಿಸಿಮಾಡಿಕೊಂಡು, ಮೂರು ನಾಲ್ಕು ನಿಮಿಷ ಜೋರಾಗಿ, ಎರಡು ನಿಮಿಷ ನಿಧಾನವಾಗಿ, ಹೀಗೆ ಐದಾರು ಸಲ. ಖಾರ್ಘರ್‌ನ ಸೆಂಟ್ರಲ್ ಪಾರ್ಕ್ ಸುತ್ತ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆಗಳಲ್ಲಿ, ಠಾಣೆಯ ಕೆರೆದಂಡೆಗಳಲ್ಲಿ ಇದಕ್ಕೆ ಅನುಕೂಲವಿದೆ. ಗಡಿಯಾರ ನೋಡುವುದು ಬೇಡವೆನಿಸಿದರೆ ಸ್ವೀಡನ್ನಿನ ಗೋಸ್ಟಾ ಹೋಲ್ಮೆರ್ 1930ರ ದಶಕದಲ್ಲಿ ರೂಪಿಸಿದ ಫಾರ್ಟ್ಲೆಕ್ ಕ್ರಮವಿದೆ: ಮುಂದಿನ ದೀಪದ ಕಂಬದವರೆಗೆ ಜೋರು, ಅದರಾಚೆಯ ತಿರುವಿನವರೆಗೆ ನಿಧಾನ. ಇಂಥ ಓಟ ವಾರಕ್ಕೆ ಒಂದು ಸಾಕು.

ಬುಧವಾರದ್ದು ಹಗುರ ಓಟ. ಹೆಚ್ಚಿನ ಹವ್ಯಾಸಿಗಳು ಎಡವುವುದು ಇಲ್ಲಿ. ಪಕ್ಕದಲ್ಲಿ ಓಡುವವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ನಿಧಾನ ಇರಬೇಕು. ಏದುಸಿರು ಬಂದರೆ ಅದು ಹಗುರ ಓಟವಲ್ಲ. ಅಮೆರಿಕದಲ್ಲಿ ಹುಟ್ಟಿ ನಾರ್ವೆಯಲ್ಲಿ ನೆಲೆಸಿದ ವಿಜ್ಞಾನಿ ಸ್ಟೀಫನ್ ಸೈಲರ್ ಅಗ್ರಶ್ರೇಣಿಯ ಕ್ರೀಡಾಪಟುಗಳ ತರಬೇತಿಯನ್ನು ಪರಿಶೀಲಿಸಿದಾಗ ಅವರ ಅಭ್ಯಾಸದ ನೂರಕ್ಕೆ ಸುಮಾರು ಎಂಬತ್ತು ಪಾಲು ಹೀಗೆ ನಿಧಾನದ್ದೇ ಆಗಿತ್ತು. ನಿಧಾನದ ಓಟದಲ್ಲಿ ದೇಹ ಕೊಬ್ಬನ್ನು ಇಂಧನವಾಗಿ ಬಳಸುವುದನ್ನು ಕಲಿಯುತ್ತದೆ, ಸ್ನಾಯುಗಳಿಗೆ ರಕ್ತ ಒಯ್ಯುವ ಸೂಕ್ಷ್ಮ ನಾಳಗಳು ಹೆಚ್ಚುತ್ತವೆ, ಸ್ನಾಯುಬಂಧಗಳು ಹೊರೆಗೆ ಒಗ್ಗುತ್ತವೆ. ಐದಾರು ಗಂಟೆ ನಡೆಯುವ ಗುಡ್ಡದ ಸ್ಪರ್ಧೆಗೆ ಬೇಕಾದ್ದು ಇವೇ. ಆದರೆ ಕೈಗಡಿಯಾರದ ಅಂಕಿಯನ್ನು ಗುಂಪಿನವರೆಲ್ಲ ನೋಡುವ ಈ ಕಾಲದಲ್ಲಿ ನಿಧಾನವಾಗಿ ಓಡಲು ಜನ ನಾಚುತ್ತಾರೆ. ಆ ನಾಚಿಕೆಯೇ ಮಂಡಿನೋವು, ಹಿಮ್ಮಡಿ ನೋವುಗಳ ದೊಡ್ಡ ಕಾರಣ.

ಗುರುವಾರ ಗುಡ್ಡಕ್ಕೆ ಮೀಸಲು. ಎಲ್ಲರಿಗೂ ಬೆಳಗ್ಗೆ ಬೆಟ್ಟ ಮುಟ್ಟಲಾಗದು. ಮೇಲ್ಸೇತುವೆಯ ಏರು, ಮುಂಬ್ರಾದೇವಿ ಗುಡಿಯ ಮೆಟ್ಟಿಲು, ಕೊನೆಗೆ ತಮ್ಮದೇ ಕಟ್ಟಡದ ಇಪ್ಪತ್ತು ಮಹಡಿಯ ಮೆಟ್ಟಿಲಾದರೂ ಆಗುತ್ತದೆ. ಏರಿನಲ್ಲಿ ನಡೆಯುವುದು ಸೋಲಲ್ಲ. ಕಡಿದಾದ ಏರಿನಲ್ಲಿ ತೊಡೆಯ ಮೇಲೆ ಕೈಯೂರಿ ಬಿರುಸಾಗಿ ನಡೆಯುವುದು ಓಡುವುದಕ್ಕಿಂತ ಮಿತವ್ಯಯದ್ದು. ವಿಶ್ವಮಟ್ಟದ ಟ್ರೇಲ್ ಓಟಗಾರರೂ ಹಾಗೆಯೇ ಹತ್ತುತ್ತಾರೆ. ಕಾಲನ್ನು ನಿಜವಾಗಿ ಮುರಿಯುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯಬೇಕು. ಈ ಕೆಲಸದಲ್ಲಿ ಅದರ ಎಳೆಗಳು ಹರಿಯುವುದು ಹೆಚ್ಚು, ನೋವು ಮರುದಿನದಿಂದ ಮೂರನೆಯ ದಿನದೊಳಗೆ ತಾರಕಕ್ಕೇರುತ್ತದೆ. ಸಮಾಧಾನದ ಸಂಗತಿಯೆಂದರೆ ಒಮ್ಮೆ ಹೀಗೆ ದಂಡಿಸಿದ ಸ್ನಾಯು ಮುಂದಿನ ಕೆಲವು ವಾರ ಅದೇ ಹೊರೆಗೆ ಅಷ್ಟು ನೋಯುವುದಿಲ್ಲ. ಸ್ಪರ್ಧೆಗೆ ಎರಡು ಮೂರು ವಾರ ಮುಂಚೆ ಒಂದು ದೊಡ್ಡ ಇಳಿಜಾರನ್ನು ಓಡಿ ಮುಗಿಸಿರಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕೇ. ಹೆಜ್ಜೆ ಗಿಡ್ಡವಾಗಿ, ಚುರುಕಾಗಿ ಬೀಳಬೇಕು. ಕಣ್ಣು ಪಾದದ ಮೇಲಲ್ಲ, ನಾಲ್ಕೈದು ಹೆಜ್ಜೆ ಮುಂದಿರಬೇಕು.

ಶುಕ್ರವಾರ ಓಟವಿಲ್ಲದೆ ಅರ್ಧ ಗಂಟೆ ಬೈಠಕ್, ಒಂಟಿಕಾಲಿನ ಸಮತೋಲನ, ಸೊಂಟದ ವ್ಯಾಯಾಮ ಮಾಡಿದರೆ ಸಾಕು.

ವಾರದ ತಿರುಳು ಶನಿವಾರ ಮತ್ತು ಭಾನುವಾರ. ರಸ್ತೆ ಓಟದವರು ಭಾನುವಾರ ಒಂದೇ ದಿನ ದೂರ ಓಡುತ್ತಾರೆ. ವಾಶಿಯಿಂದ ಬೇಲಾಪುರಕ್ಕೆ ಸುಮಾರು 10 ಕಿ.ಮೀ. ಇರುವ ಪಾಮ್ ಬೀಚ್ ರಸ್ತೆ ಆ ಬೆಳಗ್ಗೆ ಓಟಗಾರರ ಗುಂಪುಗಳಿಂದ ತುಂಬಿರುತ್ತದೆ. ದೂರದ ಟ್ರೇಲ್ ಸ್ಪರ್ಧೆಗೆ ಅಣಿಯಾಗುವವರು ಶನಿವಾರ ಎರಡು ಗಂಟೆ, ಭಾನುವಾರ ಮೂರು ಗಂಟೆ ಹೀಗೆ ಬೆನ್ನುಬೆನ್ನಿಗೆ ಓಡುತ್ತಾರೆ, ದಣಿದ ಕಾಲಿನಲ್ಲಿ ಓಡುವುದು ರೂಢಿಯಾಗಲೆಂದು. ಇಲ್ಲಿ ಕಿಲೋಮೀಟರ್ ಎಣಿಕೆ ಉಪಯೋಗಕ್ಕೆ ಬರುವುದಿಲ್ಲ. ಎಷ್ಟು ಹೊತ್ತು ಕಾಲ ಮೇಲಿದ್ದರು, ಎಷ್ಟು ಮೀಟರ್ ಏರಿದರು ಎಂಬುದೇ ಲೆಕ್ಕ. ಗುಡ್ಡದ ದೂರದ ಓಟಕ್ಕೆ ಹಳೆಯ ದೊಡ್ಡ ಸಾಕ್ಷಿ ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್. 800 ಮೀಟರ್ ಓಟಗಾರ ಪೀಟರ್ ಸ್ನೆಲ್ ಅವರನ್ನೂ ಆತ ಸುಮಾರು 35 ಕಿ.ಮೀ. ಗುಡ್ಡದ ದಾರಿಯಲ್ಲಿ ಓಡಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್‌ನಲ್ಲಿ, ಅವರ ಜೊತೆಗಾರ ಮರ್ರೇ ಹಾಲ್ಬರ್ಗ್ 5,000 ಮೀಟರ್‌ನಲ್ಲಿ ಚಿನ್ನ ಗೆದ್ದರು.

ಗುಡ್ಡಕ್ಕೆ ಹೋಗುವವರು ಅದು ಯಾರ ಮನೆ ಎಂಬುದನ್ನು ಮರೆಯಬಾರದು. ಯೇವೂರು ಚಿರತೆಗಳ ಕಾಡು; ಅವು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಓಡಾಡುತ್ತವೆ. ಅರಣ್ಯ ಇಲಾಖೆ ಬಿಟ್ಟ ದಾರಿಯಲ್ಲಿ, ಬಿಟ್ಟ ಹೊತ್ತಿನಲ್ಲಿ, ಬೆಳಕು ಹರಿದ ಮೇಲೆ, ಗುಂಪಾಗಿಯೇ ಹೋಗಬೇಕು. ಕಿವಿಯಲ್ಲಿ ಹಾಡು ಬೇಡ. ಆದಿವಾಸಿ ಪಾಡಾಗಳ ಅಂಗಳದ ಮೂಲಕ ಹಾಯುವ ದಾರಿಗಳಲ್ಲಿ ನಿಧಾನಿಸಿ ನಡೆಯುವುದು ಮರ್ಯಾದೆ. ಎಂಟು ವರ್ಷಕ್ಕೊಮ್ಮೆ ಇಲ್ಲಿ ಕಾರ್ವಿ ಎಂಬ ಗಿಡ ಅರಳಿ ಇಳಿಜಾರುಗಳು ನೇರಳೆಯಾಗುತ್ತವೆ. 2016ರಲ್ಲಿ ಅರಳಿತ್ತು, 2024ರಲ್ಲಿ ಮತ್ತೆ ಅರಳಿತು. ಆಗ ಅಡ್ಡದಾರಿ ಹಿಡಿದು ಗಿಡ ತುಳಿದರೆ ಅದರ ಬೀಜಕ್ಕೆ ಇನ್ನೊಂದು ಅವಕಾಶವಿಲ್ಲ, ಏಕೆಂದರೆ ಹೂಬಿಟ್ಟ ಮೇಲೆ ಕಾರ್ವಿ ಸಾಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಠಾಣೆಯ ಹೆಸರಾಂತ ವರ್ಷಾ ಮ್ಯಾರಥಾನ್ ನಡೆಯುವುದೂ ಮಳೆಗಾಲದಲ್ಲೇ. ರಸ್ತೆಯಲ್ಲಿ ಆ ಓಟ ಹಬ್ಬವೇ ಸರಿ. ಗುಡ್ಡದಲ್ಲಿ ಹಾಗಲ್ಲ. ಲಾವಾರಸ ತಣ್ಣಗಾಗಿ ಆದ ಇಲ್ಲಿನ ಕಪ್ಪು ಬಸಾಲ್ಟ್ ಬಂಡೆಗೆ ಪಾಚಿ ಹಿಡಿದರೆ ಯಾವ ಶೂವಿನ ತಳವೂ ನಿಲ್ಲುವುದಿಲ್ಲ. ಖಾರ್ಘರ್‌ನ ಪಾಂಡವಕಡಾ ಜಲಪಾತದಲ್ಲಿ ಹಲವರು ಕೊಚ್ಚಿಹೋಗಿ ಜೀವ ಕಳೆದುಕೊಂಡದ್ದರಿಂದ ಮಳೆಗಾಲದಲ್ಲಿ ಅಲ್ಲಿಗೆ ಪ್ರವೇಶ ನಿಷೇಧಿಸುತ್ತಾರೆ. ಆ ನಿಷೇಧವನ್ನು ಸಾಹಸದ ಹೆಸರಿನಲ್ಲಿ ಮುರಿಯುವುದು ತಪ್ಪು. ನಿಂತ ನೀರಿನಲ್ಲಿ ಇಲಿಜ್ವರದ ಸೂಕ್ಷ್ಮಾಣು ಇರುತ್ತದೆ. ಕಾಲಿನಲ್ಲಿ ಗಾಯವಿದ್ದು ಅಂಥ ನೀರು ತುಳಿದವರಿಗೆ ಮುಂದಿನ ದಿನಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಅದನ್ನು ಹೇಳಬೇಕು.

ಮಾರ್ಚಿನಿಂದ ಮೇವರೆಗಿನ ಸೆಕೆ ಇನ್ನೊಂದು ಪರೀಕ್ಷೆ. ಗಾಳಿಯಲ್ಲಿ ತೇವ ಹೆಚ್ಚಿರುವ ಕರಾವಳಿಯಲ್ಲಿ ಬೆವರು ಆರುವುದಿಲ್ಲ. ಆರದ ಬೆವರು ಮೈ ತಣಿಸುವುದಿಲ್ಲ. ಸೆಕೆಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಅಲ್ಲಿಯತನಕ ವೇಗ ತಗ್ಗಿಸುವುದೇ ಜಾಣತನ. ಬರೀ ನೀರು ಕುಡಿಯುತ್ತಲೇ ಇರುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಮಟ್ಟ ಕುಸಿದಿತ್ತು. ಓಟದ ನಡುವೆ ಅತಿಯಾಗಿ ಕುಡಿದು ತೂಕ ಹೆಚ್ಚಿದವರಲ್ಲಿ ಈ ತೊಂದರೆ ಹೆಚ್ಚು. ಬಾಯಾರಿದಾಗ ಕುಡಿಯಬೇಕು, ಜೊತೆಗೆ ಒಆರ್‌ಎಸ್ ಅಥವಾ ಉಪ್ಪು ಹಾಕಿದ ಕೋಕಂ ಪಾನಕ ಇಟ್ಟುಕೊಳ್ಳಬೇಕು. ಒಂದೂವರೆ ಗಂಟೆ ಮೀರಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕಾಗುತ್ತದೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಖರ್ಜೂರ, ಚಿಕ್ಕಿಯೂ ಆಗುತ್ತದೆ. ದುಬಾರಿ ಜೆಲ್ ಪೊಟ್ಟಣ ಅನಿವಾರ್ಯವಲ್ಲ.

ಸ್ಪರ್ಧೆಯ ಕಾಲ ಮಳೆ ನಿಂತ ಮೇಲೆ ಬರುತ್ತದೆ. ಪುಣೆ ಬಳಿಯ ಸಿಂಹಗಡ, ರಾಜಗಡ, ತೋರಣಾ ಕೋಟೆಗಳನ್ನು ಜೋಡಿಸುವ ಅಲ್ಟ್ರಾ (ಮ್ಯಾರಥಾನಿಗಿಂತ ಉದ್ದದ) ಓಟ ಸಹ್ಯಾದ್ರಿಯ ಕಠಿಣ ಸ್ಪರ್ಧೆಗಳಲ್ಲೊಂದು. ತೋರಣಾದ ಎತ್ತರವೇ ಸುಮಾರು 1,400 ಮೀಟರ್. ಕರ್ನಾಟಕದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಓಡುವ ಮಲ್ನಾಡ್ ಅಲ್ಟ್ರಾ ಇದೆ. ಠಾಣೆ, ಪನ್ವೇಲ್‌ಗಳಲ್ಲಿ ನಿಲ್ಲುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗುವ ಕರಾವಳಿಯ ಕನ್ನಡಿಗರಿಗೆ ಘಟ್ಟ ಹತ್ತಿದರೆ ಚಿಕ್ಕಮಗಳೂರು ದೂರವೇನಲ್ಲ. ಇಂಥ ಸ್ಪರ್ಧೆಗಳಲ್ಲಿ ತಲೆದೀಪ, ಸೀಟಿ, ಒಂದೆರಡು ಲೀಟರ್ ನೀರು, ಮಳೆಯಂಗಿ ಕಡ್ಡಾಯವೆಂದಿದ್ದರೆ ಅದನ್ನು ಹೊರೆಯೆಂದು ತಿಳಿಯಬಾರದು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದಲ್ಲಿ 100 ಕಿ.ಮೀ. ಗುಡ್ಡದ ಓಟದ ನಡುವೆ ಹವೆ ಏಕಾಏಕಿ ಕೆಟ್ಟು 21 ಓಟಗಾರರು ಸತ್ತರು. ಅವರಲ್ಲಿ ಹಲವರು ತೆಳು ಬಟ್ಟೆಯಲ್ಲಿದ್ದರು. ದಾರಿ ತೋರುವ ರಿಬ್ಬನ್ ಸ್ವಲ್ಪ ಹೊತ್ತು ಕಾಣದಿದ್ದರೆ ಕೊನೆಯ ರಿಬ್ಬನ್ ಕಂಡಲ್ಲಿಗೆ ಹಿಂತಿರುಗಬೇಕು. ಬಿದ್ದವರನ್ನು ಕಂಡರೆ ನಿಲ್ಲಲೇಬೇಕು. ಇದು ಟ್ರೇಲ್ ಓಟದ ನಿಯಮವೂ ಹೌದು.

ಸ್ಪರ್ಧೆ ಮುಗಿದ ಮರುವಾರ ವೇಗದ ಓಟವೂ ಇಲ್ಲ, ಗುಡ್ಡವೂ ಇಲ್ಲ. ನಡಿಗೆ, ಈಜು, ನಿದ್ದೆ ಅಷ್ಟೇ. ಹೊಸದಾಗಿ ಶುರುಮಾಡುವವರು ಮೊದಲ ವರ್ಷ 10ರಿಂದ 12 ಕಿ.ಮೀ. ಸ್ಪರ್ಧೆಗಿಂತ ದೊಡ್ಡದಕ್ಕೆ ಹೆಸರು ಕೊಡದಿರಲಿ, ನಲವತ್ತು ದಾಟಿದವರು ಅದಕ್ಕೂ ಮುಂಚೆ ಒಮ್ಮೆ ಹೃದಯ ತಪಾಸಣೆ ಮಾಡಿಸಿಕೊಳ್ಳಲಿ.