ಏನಿದು ಎನ್ನುವ ಮೊದಲು ಪಕ್ಕದಲ್ಲಿ ಕೂಡ್ರಿ

ಕಲಬುರಗಿಯ ನಮ್ಮ ಮನೆಯಿಂದ ಕಮಲಾಪುರಕ್ಕೆ ಹುಮನಾಬಾದ್ ರಸ್ತೆಯಲ್ಲಿ ಸುಮಾರು ಒಂದು ತಾಸಿನ ಬಸ್ ಪ್ರಯಾಣ. ಮಗಳನ್ನು ಅಲ್ಲಿಗೆ ಕೊಟ್ಟಿದ್ದೇವೆ. ತಿಂಗಳಿಗೆ ಎರಡು ಸಲವಾದರೂ ಹೋಗಿ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ, ಮೂರು ವರ್ಷ ತುಂಬಲಿದ್ದ ಮೊಮ್ಮಗಳಿಗೆಂದು ಒಂದು ಕ್ರೆಯಾನ್ ಡಬ್ಬಿ ಒಯ್ದಿದ್ದೆ.

ಪಡಸಾಲೆಯಲ್ಲಿ ಬೋರಲು ಮಲಗಿ ಅವಳು ಕೆಂಪು ಕ್ರೆಯಾನ್ ಹಿಡಿದಳು. ಬಾಗಿದ ಗೆರೆಯೊಂದನ್ನು ಎಳೆದು, ಅದರ ಮೇಲೇ ಮತ್ತೆ ಮತ್ತೆ ತೀಡಿ, “ಮುತ್ಯಾ, ಬಾಳಿಹಣ್ಣು” ಎಂದಳು.

“ಬಾಳಿಹಣ್ಣು ಹಳದಿ ಇರ್ತದವ್ವಾ” ಎಂದು ನಾನು ಹಳದಿ ಕ್ರೆಯಾನ್ ತೆಗೆದುಕೊಂಡು ಅವಳ ಗೆರೆಯ ಪಕ್ಕದಲ್ಲೇ ನೆಟ್ಟಗೆ ಒಂದು ಹಣ್ಣು ಬರೆದು ತೋರಿಸಿದೆ. ಮಗು ನನ್ನ ಹಣ್ಣು ನೋಡಿತು. ಡಬ್ಬಿ ಅಲ್ಲೇ ಬಿಟ್ಟು ಅಂಗಳಕ್ಕೆ ಎದ್ದು ಹೋಯಿತು.

ಅಡುಗೆಮನೆಯಿಂದ ನೋಡುತ್ತಿದ್ದ ಮಗಳು ನಕ್ಕಳು. “ಅಪ್ಪಾ, ಇದು ಕಮಲಾಪುರ. ನಮ್ಮ ತ್ವಾಟದಾಗ ಬಾಳಿಹಣ್ಣು ಕೆಂಪೇ ಇರ್ತಾವ.”

ನಾನು ನಾಚಿದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯನ್ನು ಪ್ರತಿ ಸಲ ಕೈಚೀಲದಲ್ಲಿ ತುಂಬಿಕೊಂಡು ಬರುವವನೇ ನಾನು! ಮಗು ತಾನು ಕಂಡದ್ದನ್ನೇ ಬರೆದಿತ್ತು.

ನಗು ನಿಂತ ಮೇಲೆ ಮಗಳು ಮೆಲ್ಲಗೆ ಹೇಳಿದಳು: “ನನಗೂ ಹಿಂಗೇ ಮಾಡಿದ್ರಿ. ಎರಡನೇ ಕ್ಲಾಸಿನಾಗ ನಮ್ಮ ಮನಿ ಚಿತ್ರ ಬರದಿದ್ದೆ. ಬಾಗಿಲ ಗ್ವಾಡಿಗಿಂತ ದೊಡ್ಡದು ಆಗ್ಯದ ಅಂತ ಸ್ಕೇಲ್ ಹಚ್ಚಿ ತಿದ್ದಿದ್ರಿ. ಆಮ್ಯಾಲ ನಾ ನಿಮಗ ಚಿತ್ರ ತೋರಿಸಲೇ ಇಲ್ಲ.”

ನನಗೆ ಅದು ನೆನಪೇ ಇರಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಲೆಡ್ಜರ್‌ನಲ್ಲಿ ತಪ್ಪಿದ ಅಂಕಿಯ ಮೇಲೆ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಚುಟುಕು ಸಹಿ ಹಾಕಿಸುವುದು ಕೈಗೆ ಹತ್ತಿದ ರೂಢಿ. ಆ ರೂಢಿಯನ್ನು ಮನೆಗೂ ತಂದಿದ್ದೆ.

ಊರಿಗೆ ಬಂದ ಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಮೆರಿಕದ ಶಿಶುವಿಹಾರದ ಶಿಕ್ಷಕಿ ರೋಡಾ ಕೆಲಾಗ್ ಅವರು ಸುಮಾರು 10 ಲಕ್ಷ ಮಕ್ಕಳ ಚಿತ್ರಗಳನ್ನು ಸಂಗ್ರಹಿಸಿದ್ದರಂತೆ. 1969ರ ತಮ್ಮ ಪುಸ್ತಕದಲ್ಲಿ ಅವರು 20 ಬಗೆಯ ಮೂಲ ಗೀಚುಗಳನ್ನು ಗುರುತಿಸಿದ್ದಾರೆ: ಚುಕ್ಕೆ, ಅಡ್ಡಗೆರೆ, ಉದ್ದಗೆರೆ, ಸುರುಳಿ ಹೀಗೆ. ನಮಗೆ ಬರೀ ಗೀಚಾಟವಾಗಿ ಕಾಣುವುದರಲ್ಲೂ ಒಂದು ಕ್ರಮವಿದೆ.

ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾಶಿಕ್ಷಣ ತಜ್ಞರು 1947ರಲ್ಲಿ ಬರೆದ ಪುಸ್ತಕದಲ್ಲಿ ಸುಮಾರು 2ರಿಂದ 4 ವರ್ಷದವರೆಗಿನದು ಗೀಚುವ ಹಂತ ಎಂದಿದ್ದಾರೆ. ಮೊದಲು ಕೈ ಹೋದತ್ತ ಗೆರೆ. ಆಮೇಲೆ ಮಗು ಹೇಳಿದತ್ತ ಕೈ. ಅದಾದ ಮೇಲೆ ಗೀಚಿದ್ದಕ್ಕೆ ಹೆಸರು. ಆ ಹೆಸರೂ ಗಟ್ಟಿಯಲ್ಲ. ಈಗ ಬಾಳೆಹಣ್ಣಾದದ್ದು ಸಂಜೆಗೆ ಬಸ್ ಆಗಬಹುದು. ಹೀಗಿರುವಾಗ ಎರಡು ವರ್ಷದ ಮಗುವನ್ನು “ಏನಿದು?” ಎಂದು ಒತ್ತಿ ಕೇಳಿದರೆ ಅದು ಏನು ಹೇಳೀತು? ಕೈ ಆಡಿಸುವ ಸಂತೋಷವೇ ಅಲ್ಲಿರುವ ಚಿತ್ರ.

ಈಗ ನಾನು ಹೀಗೆ ಮಾಡುತ್ತೇನೆ. ಪಕ್ಕದಲ್ಲಿ ಸುಮ್ಮನೆ ಕೂಡುತ್ತೇನೆ. ಕಂಡದ್ದನ್ನು ಹೇಳುತ್ತೇನೆ: “ಈ ಗೆರಿ ಇಲ್ಲಿಂದ ಅಲ್ಲೀತನ ಹೋಗ್ಯದ,” “ಇಲ್ಲಿ ಕೆಂಪು ಜೋರಾಗಿ ಒತ್ತೀದಿ.” ಆಮೇಲೆ, “ಇದರದು ನನಗ ಹೇಳವ್ವಾ” ಎನ್ನುತ್ತೇನೆ. ಹೇಳಿದರೆ ಕೇಳುತ್ತೇನೆ, ಹೇಳದಿದ್ದರೆ ಬಿಡುತ್ತೇನೆ. ಹಾಳೆಯ ಹಿಂದೆ ತಾರೀಖು ಹಾಕಿ, ಅವಳಾಡಿದ ಮಾತನ್ನು ಹಾಗೇ ಬರೆದಿಡುತ್ತೇನೆ. ಬ್ಯಾಂಕಿನ ಈ ಒಂದು ರೂಢಿ ಮಾತ್ರ ಇಲ್ಲಿ ಉಪಯೋಗಕ್ಕೆ ಬಂತು!

ದುಬಾರಿ ಬಣ್ಣವೇ ಬೇಕೆಂದಿಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಶಹಾಬಾದ್ ಕಲ್ಲಿನ ನೆಲ. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸ ಹಾಳೆ. ಜೋಳದ ಹಿಟ್ಟಿನ ಉಂಡೆ ಕೊಟ್ಟರೆ ಅದೂ ಆಟವೇ.

ಶಾಲೆಗೆ ಹೋಗುವ ಮಕ್ಕಳೇ, ನಿಮ್ಮ ತಮ್ಮ ತಂಗಿ ಗೀಚುವಾಗ ನಗಬೇಡಿ, ಕೈಯಿಂದ ಬಣ್ಣ ಕಸಿಯಬೇಡಿ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ಪೌರಾಣಿಕ ಚಿತ್ರಗಳು ಕ್ಯಾಲೆಂಡರ್‌ಗಳಲ್ಲಿ ದೇಶದ ಮನೆಮನೆಗೆ ಹೋದವು. ಅವರ ಹೆಸರಿನ ರಂಗಮಂದಿರ ನಮ್ಮ ಊರಲ್ಲಿದೆ. ಅವರ ಕೈಯೂ ಮೊದಲು ಗೀಚಿಯೇ ಇರಬೇಕಲ್ಲವೇ?

ಅಜ್ಜ ಅಜ್ಜಿಯರಿಗೆ ರವೀಂದ್ರನಾಥ ಟಾಗೋರರ ನೆನಪು ಮಾಡಿಕೊಡುತ್ತೇನೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಅವರು ಕೂಡಿಸಿ ಆಕಾರ ಮಾಡುತ್ತಿದ್ದರು. ಅರವತ್ತು ದಾಟಿದ ಮೇಲೆ ಚಿತ್ರಕಾರರಾಗಿ, 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಮಾಡಿದರು. ಅವರು ಎಳೆದ ಗೆರೆಯಿಂದ ಚಿತ್ರ ಹುಟ್ಟಿತು. ನಾನು ಎಳೆದ ಗೆರೆಯಿಂದ ಒಂದು ಮಗುವಿನ ಚಿತ್ರ ನಿಂತಿತು.

ಮೊನ್ನೆ ಕಮಲಾಪುರಕ್ಕೆ ಹೋದಾಗ ಮೊಮ್ಮಗಳು ನೆಲದ ಮೇಲೆ ಬಳಪದಿಂದ ಸುತ್ತು ಹಾಕುತ್ತಿದ್ದಳು. “ಗುಂಡಗ ಗುಂಡಗ ಹೊಂಟದಲ್ಲ” ಎಂದೆ. “ಬಸ್ಸು. ಒಳಗ ಮುತ್ಯಾ ಕುಂತಾನ” ಎಂದಳು.

ಮಗಳೂ ಹಿಟ್ಟಿನ ಕೈ ತೊಳೆದುಕೊಂಡು ಬಂದು ಕೂತಳು. ಒಂದು ಬಳಪ ತೆಗೆದುಕೊಂಡು ಪಕ್ಕದ ಕಲ್ಲಿನ ಮೇಲೆ ಮನೆಯೊಂದನ್ನು ಬರೆದಳು. ಬಾಗಿಲು ಗೋಡೆಗಿಂತ ದೊಡ್ಡದು! ನನ್ನ ಕೈ ಸುಮ್ಮನಿತ್ತು. “ಆ ಬಾಗಿಲದ್ದು ಹೇಳವ್ವಾ” ಎಂದೆ.

“ನೀವು ಬ್ಯಾಂಕಿನಿಂದ ಬರೋದು ನೋಡಲಿಕ್ಕಿ ನಾ ದಿನಾ ಬಾಗಿಲದಾಗೇ ಕುಂದರತಿದ್ದೆ, ಅಪ್ಪಾ. ಅದಕ್ಕೇ ಅದು ದೊಡ್ಡದು.”

ಆ ಒಂದು ಮಾತು ಕೇಳಲು ನನಗೆ ಇಷ್ಟು ವರ್ಷ ಹಿಡಿಯಿತು. ನೀವು ಇವತ್ತೇ ಕೇಳಿ.