ಮೈಲೇಜ್ ಆಮೇಲೆ, ಮೊದಲು ಕಾರಿನ ತಳ ನೋಡಿ

ಕಳೆದ ವರ್ಷದ ಜುಲೈವರೆಗೂ ನನ್ನದು ಸ್ಕೂಟರ್ ಸಂಸಾರ. ಮನೆ ಕಾಪು, ಆಫೀಸು ಮಣಿಪಾಲ, ಅಪ್ಪ ಅಮ್ಮ ಇರೋದು ಕಾರ್ಕಳದಲ್ಲಿ. ಹೆದ್ದಾರಿ 66ರಲ್ಲಿ ಕಟಪಾಡಿ, ಉದ್ಯಾವರ ದಾಟಿ ಉಡುಪಿಯಿಂದ ಮೇಲೆ ಹತ್ತೋ ಹೊತ್ತಿಗೆ ರೇನ್‌ಕೋಟಿನ ಒಳಗೂ ಮಳೆ. ಹೇಗೋ ನಡೀತಿತ್ತು.

ಒಂದು ರಾತ್ರಿ ಹತ್ತೂವರೆಗೆ ಅಮ್ಮನ ಫೋನ್. “ಅಪ್ಪನಿಗೆ ಎದೆ ಹಿಡಿದ ಹಾಗೆ ಆಗ್ತಾ ಉಂಟು ಮಗಾ, ಪಕ್ಕದ ಮನೆಯವರು ಮಣಿಪಾಲಕ್ಕೆ ಕರಕೊಂಡು ಹೊರಟಿದ್ದಾರೆ.” ನಾನು ಸುರಿಯೋ ಮಳೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಹೋದೆ. ಆಸ್ಪತ್ರೆ ಬಾಗಿಲಲ್ಲಿ ಒದ್ದೆಮುದ್ದೆಯಾಗಿ ನಿಂತಾಗ ಅಪ್ಪನನ್ನು ಒಳಗೆ ಕರೆದುಕೊಂಡು ಹೋಗಿ ಆಗಿತ್ತು. ಸ್ಟೆಂಟ್ ಹಾಕಿದರು, ಅಪ್ಪ ಹುಷಾರಾದರು. ಆದರೆ ಇನ್ನು ತಪಾಸಣೆಗೆ ಆಗಾಗ ಕರೆತರಬೇಕು. ಕಾರು ಬೇಕೇ ಬೇಕು ಅಂತ ಆವತ್ತೇ ತೀರ್ಮಾನವಾಯಿತು.

ಬಜೆಟ್ 4 ಲಕ್ಷ. ಹೊಸದರ ಆಸೆ ಬಿಟ್ಟು ಸೆಕೆಂಡ್ ಹ್ಯಾಂಡ್ ಹುಡುಕಲು ಕೂತೆ.

ಎಕ್ಸೆಲ್ ಹೇಳಿದ್ದು

ಸಾಫ್ಟ್‌ವೇರ್‌ನವರ ಚಾಳಿ ಗೊತ್ತಲ್ಲ, ಮೊದಲು ಎಕ್ಸೆಲ್ ತೆರೆದೆ. ಆಫೀಸಿಗೆ ಹೋಗಿ ಬರಲು ದಿನಕ್ಕೆ 36 ಕಿ.ಮೀ. ಆಸುಪಾಸು. ತಿಂಗಳಿಗೆ 22 ದಿನ. ಶಿರ್ವ, ಬೆಳ್ಮಣ್ ಮೇಲಾಗಿ ಕಾರ್ಕಳಕ್ಕೆ ಎರಡು ಸಲ. ಸಣ್ಣಪುಟ್ಟ ಓಡಾಟ ಸೇರಿ ತಿಂಗಳಿಗೆ 1,000 ಕಿ.ಮೀ.

ಲೀಟರಿಗೆ 18 ಕೊಡೋ ಕಾರಿಗೆ ತಿಂಗಳಿಗೆ ಸುಮಾರು 55 ಲೀಟರ್ ಪೆಟ್ರೋಲ್ ಬೇಕು. 22 ಕೊಡೋ ಕಾರಿಗೆ 45 ಸಾಕು. ವ್ಯತ್ಯಾಸ 10 ಲೀಟರ್, ಅಂದರೆ ಸುಮಾರು 1,000 ರೂಪಾಯಿ. ವರ್ಷಕ್ಕೆ 12,000. ಸವೆದ ನಾಲ್ಕು ಟೈರ್ ಇರೋ ಕಾರು ತಗೊಂಡರೆ ಆ ಉಳಿತಾಯ ಟೈರ್ ಅಂಗಡಿಯಲ್ಲೇ ಮುಗಿಯಿತು. ಹಾಗಿದ್ದರೂ “ಮೈಲೇಜ್ ಎಷ್ಟು ಕೊಡ್ತದೆ?” ಅನ್ನೋದೇ ಎಲ್ಲರ ಮೊದಲ ಪ್ರಶ್ನೆ. ನನ್ನದೂ ಅದೇ ಆಗಿತ್ತು.

ಅದೇ ಆಸೆಗೆ ಉಡುಪಿ ಹತ್ತಿರ ಒಂದು 2012ರ ಡೀಸೆಲ್ ಹ್ಯಾಚ್‌ಬ್ಯಾಕ್ ನೋಡಿದೆ. ಬೆಲೆ 2.10 ಲಕ್ಷ. ಹೊಸ ಪಾಲಿಶ್, ಹೊಸ ಸೀಟ್ ಕವರ್, ಒಳಗೆ ಘಮಘಮ ಪರ್ಫ್ಯೂಮ್. ಮಾರುವವರು “ಕಣ್ಣು ಮುಚ್ಚಿ 22 ಕೊಡ್ತದೆ” ಅಂದರು. ಹೆಂಡತಿ ಮಾತ್ರ “ಕಣ್ಣು ಬಿಟ್ಟು ಒಮ್ಮೆ ಮೆಕ್ಯಾನಿಕ್‌ಗೆ ತೋರಿಸಿ” ಅಂದಳು.

“ಇದು ಕಾರಾ, ಮೀನಿನ ಬುಟ್ಟಿಯಾ?”

ಕಾರ್ಕಳದಲ್ಲಿ ಮಾವನ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ವಯಸ್ಸು ಅರವತ್ತರ ಹತ್ತಿರ. ಟೆಸ್ಟ್ ಡ್ರೈವ್ ನೆಪದಲ್ಲಿ ಕಾರನ್ನು ಅಲ್ಲಿಗೇ ಒಯ್ದೆ. ಅವರು ಬಾನೆಟ್ ಮುಟ್ಟಲೇ ಇಲ್ಲ. ಸೀದಾ ಕಾರನ್ನು ಎತ್ತಿಸಿ ಟಾರ್ಚ್ ಹಿಡಿದು ತಳಕ್ಕೆ ಹೋದರು. ಸ್ಕ್ರೂಡ್ರೈವರ್‌ನಿಂದ ಒಂದು ಕಡೆ ಕುಟ್ಟಿದರು. ತುಕ್ಕು ಹಪ್ಪಳದ ಹಾಗೆ ಉದುರಿತು.

“ಎಂತ ಮಾರಾಯ್ರೆ, ಇದು ಕಾರಾ, ಮೀನಿನ ಬುಟ್ಟಿಯಾ?”

ಆಮೇಲೆ ಚಾಲಕನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರು. ತುದಿಯಲ್ಲಿ ಕೆಸರಿನ ಗೆರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಅಡಿಯಲ್ಲಿ ಒಣಗಿದ ಮಣ್ಣು. ಎಲ್ಲೋ ನೆರೆ ನೀರಲ್ಲಿ ನಿಂತ ಕಾರು. “ನೀರು ಕುಡಿದ ಕಾರಿನ ವಯರಿಂಗ್ ಇವತ್ತು ಸರಿ ಇರ್ತದೆ, ನಾಳೆ ಕೈ ಕೊಡ್ತದೆ. ನಿಮಗೆ ಬೇಕಾದ ದಿನವೇ ಕೈ ಕೊಡ್ತದೆ” ಅಂದರು. ನನಗೆ ಆ ಹತ್ತೂವರೆಯ ಫೋನ್ ನೆನಪಾಯಿತು. ಕಾರನ್ನು ವಾಪಸ್ ಬಿಟ್ಟು ಬಂದೆ.

ಕರಾವಳಿಯ ಗಾಳಿಯಲ್ಲಿ ಉಪ್ಪು, ವರ್ಷದಲ್ಲಿ ನಾಲ್ಕು ತಿಂಗಳು ಮಳೆ. ಇಲ್ಲಿ ಕಾರಿನ ವಯಸ್ಸು ತಿಳಿಯೋದು ತಳದಲ್ಲಿ. ಚಕ್ರದ ಮೇಲಿನ ಕಮಾನು, ಸೈಲೆನ್ಸರ್, ಬಾಗಿಲ ಕೆಳಗಿನ ಅಂಚು, ಮ್ಯಾಟ್ ಅಡಿಯ ನೆಲ, ಇಷ್ಟನ್ನು ಮುಟ್ಟಿ ನೋಡಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ. ನೀವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನಿಸಿ.

ಮೀಟರ್ ನಂಬಬೇಡಿ, ಟೈರ್ ಓದಿ. ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೀಟರಲ್ಲಿ 25,000 ತೋರಿಸುವ ಕಾರಿಗೆ ಆಗಲೇ ನಾಲ್ಕೂ ಟೈರ್ ಹೊಸದಿದ್ದರೆ ಯಾಕೆ ಅಂತ ಕೇಳಿ. ಬ್ರೇಕ್ ಪೆಡಲಿನ ರಬ್ಬರ್ ಸವೆದಿದ್ದರೆ ಅದೂ ಸಾಕ್ಷಿ.

ಕಾಗದಪತ್ರ

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಇನ್ಶೂರೆನ್ಸ್, ಫಿಟ್‌ನೆಸ್ ಅವಧಿ ಸಿಗುತ್ತದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ವರ್ಗಾವಣೆಗೆ ಫಾರ್ಮ್ 29 ಮತ್ತು 30. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆ ಮಾಲೀಕರ ನೋ ಕ್ಲೈಮ್ ಬೋನಸ್ ನಿಮಗೆ ಬರೋದಿಲ್ಲ, ಪ್ರೀಮಿಯಂ ಹೆಚ್ಚಾಗುತ್ತದೆ. ಹೊರರಾಜ್ಯದ ಕಾರು ಅಗ್ಗ ಅಂತ ಕಂಡರೆ ಕರ್ನಾಟಕದ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. 15 ವರ್ಷ ಹತ್ತಿರವಾದ ಕಾರಿಗೆ ನೋಂದಣಿ ನವೀಕರಣದ ಖರ್ಚು ಕಾದಿರುತ್ತದೆ.

ಇನ್ನೊಂದು ಮಾತು ಸುರಕ್ಷತೆಯದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್, ಆ ವರ್ಷದ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಒದ್ದೆ ಹೆದ್ದಾರಿಯಲ್ಲಿ ಮುಂದಿನ ಬಸ್ಸು ಗಕ್ಕನೆ ನಿಂತಾಗ ಎಬಿಎಸ್ ಬೆಲೆ ಗೊತ್ತಾಗುತ್ತದೆ. ಹಾಗಾಗಿ 2019ರ ನಂತರದ್ದೇ ಬೇಕು ಅಂತ ಗೆರೆ ಹಾಕಿಕೊಂಡೆ.

ಕೊನೆಗೆ ಸಿಕ್ಕಿದ್ದು

ಎರಡು ತಿಂಗಳ ನಂತರ ಕಾರ್ಕಳದಲ್ಲೇ ನಿವೃತ್ತ ಮೇಷ್ಟ್ರೊಬ್ಬರ 2020ರ ವ್ಯಾಗನ್ ಆರ್ ಸಿಕ್ಕಿತು. ಒಂದು ಲೀಟರ್ ಪೆಟ್ರೋಲ್ ಎಂಜಿನ್, 46,000 ಕಿ.ಮೀ. ಓಡಿತ್ತು. ಸರ್ವಿಸ್ ಬಿಲ್ಲುಗಳನ್ನು ಫೈಲಿನಲ್ಲಿ ಪಂಚ್ ಮಾಡಿ ಇಟ್ಟಿದ್ದರು. ಬಂಪರಿಗೆ ಗೀರು, ಬಾಗಿಲಲ್ಲಿ ಒಂದು ತಗ್ಗು. ಮೆಕ್ಯಾನಿಕ್ ಅಣ್ಣ ತಳದಿಂದ ಎದ್ದು ಬಂದು ಕೈ ಒರೆಸಿಕೊಂಡು “ತಗೊಳ್ಳಿ” ಅಂತ ಒಂದೇ ಮಾತು ಹೇಳಿದರು. ಬೆಲೆ 3.80 ಲಕ್ಷ. ಮೊದಲ ಕಾರಿಗಿಂತ 1.70 ಲಕ್ಷ ಹೆಚ್ಚು. ಸಾಲ ಮಾಡಬೇಕಾಯಿತು, ಸುಳ್ಳು ಹೇಳಲ್ಲ. ಹೆಸರು ವರ್ಗಾವಣೆ, ಬ್ಯಾಟರಿ, ಎರಡು ಟೈರ್, ತಳಕ್ಕೆ ಕೋಟಿಂಗ್ ಅಂತ ಕೈಯಲ್ಲಿ ಉಳಿದ 20,000 ಹೋಯಿತು. ನೀವೂ ಬೆಲೆಯಿಂದ ಇಷ್ಟನ್ನು ಮೊದಲೇ ತೆಗೆದಿಟ್ಟುಕೊಂಡು ಚೌಕಾಸಿ ಮಾಡಿ.

ಈಗ ವರ್ಷವಾಯಿತು. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದರೆ 18ಕ್ಕೆ ಸ್ವಲ್ಪ ಮೇಲೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತಳಕ್ಕೆ ನೀರು ಹೊಡೆಸುತ್ತೇನೆ. ದಾರಿಯಲ್ಲಿ ಒಮ್ಮೆಯೂ ನಿಂತಿಲ್ಲ.

ಮೊನ್ನೆ ಅಪ್ಪನನ್ನು ತಪಾಸಣೆಗೆ ಕರೆದುಕೊಂಡು ಹೊರಟೆ. ಬೈಲೂರು ದಾಟಿದ ಮೇಲೆ ಎದುರಿನ ರಸ್ತೆಯೇ ಕಾಣದಷ್ಟು ಮಳೆ. ಹಿರಿಯಡ್ಕ ಬರುವಷ್ಟರಲ್ಲಿ ನೋಡಿದರೆ ಅಪ್ಪ ಪಕ್ಕದ ಸೀಟಲ್ಲಿ ನಿದ್ದೆ ಹೋಗಿದ್ದರು.