ಕಾಣೆಯಾದ ಯೋಧರ ಲೆಕ್ಕ

ಪುಣೆಯ ಖಡ್ಕಿಯಲ್ಲಿರುವ ಯುದ್ಧ ಸಮಾಧಿ ಕ್ಷೇತ್ರದಲ್ಲಿ ಎರಡನೆಯ ಮಹಾಯುದ್ಧದ ಕಾಲದ 1,668 ಯೋಧರ ಸಮಾಧಿಗಳಿವೆ. ಪಶ್ಚಿಮ ಹಾಗೂ ಮಧ್ಯ ಭಾರತದಲ್ಲಿ, ಶಾಶ್ವತ ಪಾಲನೆಯ ಭರವಸೆಯಿಲ್ಲದ ಸ್ಥಳಗಳಲ್ಲಿ ಹೂಳಲ್ಪಟ್ಟಿದ್ದವರನ್ನು ಒಂದೆಡೆ ತರುವ ಸಲುವಾಗಿ ಇದನ್ನು ನಿರ್ಮಿಸಲಾಯಿತು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವು ಇದನ್ನು ನೋಡಿಕೊಳ್ಳುತ್ತದೆ.

ಆದರೆ ಎಲ್ಲರ ಅವಶೇಷಗಳನ್ನೂ ತರುವುದು ಸಾಧ್ಯವಾಗಲಿಲ್ಲ. ಅಂತಹವರಿಗಾಗಿ ಅಲ್ಲಿಯೇ ಒಂದು ಸ್ಮಾರಕವಿದೆ. ಮೊದಲನೆಯ ಮಹಾಯುದ್ಧದ ಅವಧಿಯಲ್ಲಿ ಭಾರತದಲ್ಲಿ ಮೃತರಾಗಿ, ಮೂಲ ಸಮಾಧಿಗಳನ್ನು ಕಾಪಾಡಲಾಗದೆ ಹೋದ 1,800ಕ್ಕೂ ಹೆಚ್ಚು ಯೋಧರನ್ನು ಅದು ಸ್ಮರಿಸುತ್ತದೆ. ಇವರಲ್ಲಿ 629 ಮಂದಿಯ ಅವಶೇಷಗಳನ್ನು 1962ರ ಏಪ್ರಿಲ್‌ನಲ್ಲಿ ಮುಂಬಯಿಯ ಶಿವಡಿಯಿಂದ ತಂದು ಇಲ್ಲಿ ಮತ್ತೆ ಹೂಳಲಾಯಿತು. ಎರಡನೆಯ ಯುದ್ಧದ ಕಾಲದಲ್ಲಿ ಈ ನೆಲದಲ್ಲಿ ಅಸುನೀಗಿದ ಪೂರ್ವ ಮತ್ತು ಪಶ್ಚಿಮ ಆಫ್ರಿಕಾದ 193 ಸೈನಿಕರೂ ಈ ಸ್ಮಾರಕದಲ್ಲಿ ಸೇರಿದ್ದಾರೆ. ಇವರ ಸಮಾಧಿಗಳು ಪತ್ತೆಯಾಗಿಲ್ಲ, ಇಲ್ಲವೇ ಪಾಲನೆಗೆ ಎಟುಕದ ಎಡೆಗಳಲ್ಲಿವೆ. ದೂರದೇಶದ ಕುಟುಂಬಗಳಿಗೆ ಖಡ್ಕಿಯ ಈ ಸ್ಮಾರಕವೇ ಸಮಾಧಿಯ ಸ್ಥಾನದಲ್ಲಿದೆ.

ಇವರೆಲ್ಲರ ಮರಣವಾದರೂ ದಾಖಲೆಯಲ್ಲಿದೆ. ಸತ್ತನೋ ಸೆರೆಯಾದನೋ ತಿಳಿಯದ ಯೋಧನ ಲೆಕ್ಕ ಇನ್ನೂ ಕಠಿಣವಾದುದು. ಸೆರೆಸಿಕ್ಕವರ ವಿವರಗಳನ್ನು ಎದುರು ಪಕ್ಷಕ್ಕೆ ತಿಳಿಸಬೇಕೆಂದು 1949ರ ಜಿನೀವಾ ಒಪ್ಪಂದವು ವಿಧಿಸುತ್ತದೆ. ಭಾರತ, ಪಾಕಿಸ್ತಾನಗಳೆರಡೂ ಅದಕ್ಕೆ ಬದ್ಧವಾಗಿವೆ. ಹಾಗಿದ್ದರೂ 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾದ 54 ಭಾರತೀಯ ಯೋಧರ ಪ್ರಶ್ನೆ ಬಗೆಹರಿದಿಲ್ಲ. ಅವರು ಪಾಕಿಸ್ತಾನದ ವಶದಲ್ಲಿರುವರೆಂಬುದು ಭಾರತದ ನಂಬಿಕೆ. ಪಾಕಿಸ್ತಾನವು ಇದನ್ನು ಅಲ್ಲಗಳೆಯುತ್ತ ಬಂದಿದೆ. 2007ರ ಜೂನ್‌ನಲ್ಲಿ ಕಾಣೆಯಾದವರ 14 ಮಂದಿ ಬಂಧುಗಳು ಅಲ್ಲಿನ ಸೆರೆಮನೆಗಳಿಗೆ ಭೇಟಿಯಿತ್ತರು. ಯಾರೊಬ್ಬರ ಇರುವಿಕೆಯನ್ನೂ ಖಚಿತಪಡಿಸಿಕೊಳ್ಳಲು ಅವರಿಗೆ ಸಾಧ್ಯವಾಗಲಿಲ್ಲ.